ದುಡ್ಡು ತಡೆಹಿಡಿಯೋದು ಯಾರ ಹಕ್ಕು? ಕೆರೆ ಏರಿಯಿಂದ ಪೆಂಡಿಂಗ್ ಬಿಲ್‌ವರೆಗೆ

ಇವತ್ತಿನ ಕಥೆ ಶುರುವಾಗೋದು ಗುಡವಿಯಿಂದ. ಸೊರಬ ತಾಲ್ಲೂಕಿನ ಈ ಊರನ್ನ ನೀವು ಪಕ್ಷಿಧಾಮದ ರೀಲ್ಸ್‌ನಲ್ಲಿ ನೋಡಿರ್ತೀರಿ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಮರದ ತುಂಬಾ ಹಕ್ಕಿಗಳು. ಕಳೆದ ಸಲ ಹೋದಾಗ ನನ್ನ ಜೊತೆ ಚಿಕ್ಕಪ್ಪ ಇದ್ರು. ಅವರು ಸಣ್ಣ ಕಂಟ್ರಾಕ್ಟರ್. ಮೋರಿ, ಚರಂಡಿ, ಶಾಲೆ ಕಾಂಪೌಂಡ್ ಕಟ್ಟೋರು. ನಾನು ಹಕ್ಕಿ ನೋಡ್ತಿದ್ದೆ, ಅವರು ಫೋನ್ ನೋಡ್ತಿದ್ರು. ಕೆಲಸ ಮುಗಿದು ಎರಡು ಮಳೆಗಾಲ ಕಳೆದಿತ್ತು, ಬಿಲ್ ಆಗಿರಲಿಲ್ಲ. ಚಿಕ್ಕಮ್ಮನ ಬಳೆ ಅಡವಿತ್ತು. "ರೂಲ್ಸ್ ಪ್ರಕಾರ ಹಿಡಿದಿದೀವಿ ಅಂತಾರೆ. ಯಾವ ರೂಲ್ಸು ಅಂತ ಮಾತ್ರ ಹೇಳಲ್ಲ" ಅಂದ್ರು.

ನಾನು ಓದಿದ್ದು ಬಿ.ಕಾಂ. ಅಲ್ಲಿ ಕಾಂಟ್ರಾಕ್ಟ್ ಕಾಸ್ಟಿಂಗ್ ಅಂತ ಒಂದು ಚಾಪ್ಟರ್ ಇದೆ. ಎಂಜಿನಿಯರ್ ಒಪ್ಪಿದ ಕೆಲಸದ ಮೌಲ್ಯ ಒಂದು ಕಡೆ, ಕೈಗೆ ಬಂದ ಹಣ ಇನ್ನೊಂದು ಕಡೆ. ನಡುವಿನ ವ್ಯತ್ಯಾಸವೇ ರಿಟೆನ್ಷನ್ ಮನಿ. ಲೆಕ್ಕ ಬಿಡಿಸಿ ಮಾರ್ಕ್ಸ್ ತಗೊಂಡೆ. ಆ ವ್ಯತ್ಯಾಸ ಯಾರದೋ ಮನೆಯ ಬಳೆ ಆಗಿರಬಹುದು ಅಂತ ಹೊಳೆದಿರಲಿಲ್ಲ.

ಈ ಪದ್ಧತಿ ಎಲ್ಲಿಂದ ಬಂತು? ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಕಂಬ ಇದೆ. ಸುಮಾರು 5ನೇ ಶತಮಾನದ ಕದಂಬರ ಶಾಸನ. ದೇವಾಲಯದ ಹತ್ತಿರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನ ಅದು ಹೇಳುತ್ತೆ. ಆಮೇಲಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ಎರಡು ಪದ ಸಿಗುತ್ತವೆ: ಕಟ್ಟುಕೊಡಗೆ ಮತ್ತು ಬಿತ್ತುವಟ್ಟ. ಕಟ್ಟುಕೊಡಗೆ ಅಂದ್ರೆ ಕೆರೆ ಕಟ್ಟಿದವನಿಗೆ ಅಥವಾ ದುರಸ್ತಿ ಮಾಡಿದವನಿಗೆ ಕೊಡೋ ಜಮೀನು. ಬಿತ್ತುವಟ್ಟ ಅಂದ್ರೆ ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು.

ಈ ಜಮೀನು ಅದೇ ಕೆರೆಯ ಕೆಳಗಿನ ಗದ್ದೆ ಅಂದ್ಕೊಳ್ಳಿ. ಏರಿ ಗಟ್ಟಿ ಇದ್ರೆ ಗದ್ದೆಗೆ ನೀರು. ಏರಿ ಒಡೆದ್ರೆ ಕಟ್ಟಿದವನ ಗದ್ದೆಯೇ ಒಣಗುತ್ತೆ. ಅಂದ್ರೆ ಸಂಬಳ ಮೊದಲೇ ಅವನ ಕೈಯಲ್ಲಿ, ಗ್ಯಾರಂಟಿನೂ ಆ ಸಂಬಳದ ಒಳಗೇ. ಹಿಡಿದಿಡೋಕೆ ಒಬ್ಬ ಅಧಿಕಾರಿ ಬೇಕಿಲ್ಲ.

ನಗದು ಹಿಡಿದಿಡೋ ಪದ್ಧತಿಯ ಮೂಲವನ್ನ ಸಾಮಾನ್ಯವಾಗಿ 1840ರ ದಶಕದ ಬ್ರಿಟನ್ನಿನಲ್ಲಿ ಗುರುತಿಸ್ತಾರೆ. ಆಗ ಅಲ್ಲಿ ರೈಲ್ವೆ ಹುಚ್ಚು. ಅನುಭವ ಇಲ್ಲದವರೂ ಗುತ್ತಿಗೆ ಹಿಡಿದ್ರು, ಅರ್ಧಕ್ಕೇ ದಿವಾಳಿ ಆದ್ರು. ಅದಕ್ಕೆ ಕಂಪನಿಗಳು ಪ್ರತಿ ಬಿಲ್ಲಿನಲ್ಲೂ ಒಂದು ಪಾಲನ್ನ ಹಿಡಿದುಕೊಂಡವು. ಇವತ್ತಿನ ಸರ್ಕಾರಿ ಟೆಂಡರ್‌ಗಳಲ್ಲಿ ಇರೋದೂ ಅದೇ ತರ್ಕ. ಕೆಲಸ ಮುಗಿದ ಮೇಲೂ ಒಂದು ಅವಧಿ ತನಕ ದೋಷ ಸರಿಪಡಿಸೋ ಹೊಣೆ ಗುತ್ತಿಗೆದಾರನದು, ಅಲ್ಲಿವರೆಗೆ ಅವನ ಹಣದ ಸ್ವಲ್ಪ ಪಾಲು ಸರ್ಕಾರದ ಹತ್ತಿರ. ಇದರಲ್ಲಿ ತಪ್ಪೇನಿಲ್ಲ. ಮೊದಲ ಮಳೆಗೇ ಕೊಚ್ಚಿ ಹೋಗೋ ರಸ್ತೆಗಳನ್ನ ನಾವೆಲ್ಲ ನೋಡಿದೀವಿ.

ತಕರಾರು ಶುರುವಾಗೋದು, ಕೆಲಸ ಕೆಟ್ಟಿದೆಯಾ ಅಂತ ತೀರ್ಮಾನ ಮಾಡೋರು ಯಾರು ಅನ್ನೋ ಕಡೆ. ಸುಪ್ರೀಂ ಕೋರ್ಟ್ ಇದನ್ನ ಮತ್ತೆ ಮತ್ತೆ ನೋಡಿದೆ. 1974ರ ರಾಮನ್ ಐರನ್ ಫೌಂಡ್ರಿ ಕೇಸಿನಲ್ಲಿ, ನಷ್ಟ ಆಗಿದೆ ಅಂತ ಸರ್ಕಾರ ಬರೀ ಹೇಳಿಕೊಂಡ ಮಾತ್ರಕ್ಕೆ ಬೇರೆ ಕಾಂಟ್ರಾಕ್ಟಿನ ಹಣ ಹಿಡಿಯೋ ಹಾಗಿಲ್ಲ ಅಂತು. 1983ರ ಕಮಾಲುದ್ದೀನ್ ಅನ್ಸಾರಿ ಕೇಸಿನಲ್ಲಿ ದಿಕ್ಕು ಬದಲಾಯ್ತು: ಒಪ್ಪಂದದಲ್ಲೇ ಅಂಥ ಷರತ್ತಿದ್ರೆ ಹಿಡಿಯಬಹುದು. ಆದ್ದರಿಂದ ಸಹಿ ಹಾಕೋ ಮೊದಲು ಸಣ್ಣ ಅಕ್ಷರ ಓದಿ.

ಮೂರನೇ ಕೇಸು ನಮ್ಮ ಶಿವಮೊಗ್ಗ ಜಿಲ್ಲೆಯದೇ. ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ಸ್ ಮತ್ತು ಕರ್ನಾಟಕ ಸರ್ಕಾರ, ತೀರ್ಪು 1987ರಲ್ಲಿ. ಕಟ್ಟಡದ ವಿಷಯ ಅಲ್ಲ, ಅಕ್ಕಿ ವಿಷಯ. ಮಿಲ್ಲಿನವರು ಒಪ್ಪಂದ ಮುರಿದ್ರೆ ನಷ್ಟ ಎಷ್ಟು ಅಂತ ಸರ್ಕಾರವೇ ನಿಗದಿ ಮಾಡುತ್ತೆ ಅಂತ ಷರತ್ತಿತ್ತು. ಕೋರ್ಟ್ ಹೇಳಿದ್ದು ಇಷ್ಟು: ಒಪ್ಪಂದ ಮುರಿದಿದ್ದು ನಿಜ ಅಂತ ಆ ಕಡೆಯವರು ಒಪ್ಪಿದ್ರೆ ಸರಿ. ಒಪ್ಪದಿದ್ರೆ, ಮುರಿದಿದ್ದಾರಾ ಇಲ್ವಾ ಅಂತ ಸರ್ಕಾರ ತಾನೇ ತೀರ್ಮಾನಿಸೋ ಹಾಗಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ ಆಗೋಕೆ ಆಗಲ್ಲ. ಸರ್ಕಾರಿ ಗುತ್ತಿಗೆಗಳ ಜಗಳದಲ್ಲಿ ಈ ತತ್ವ ಇವತ್ತಿಗೂ ಮುಖ್ಯ.

ಇಷ್ಟೆಲ್ಲ ರಿಟೆನ್ಷನ್ ಬಗ್ಗೆ ಆಯ್ತು. ಪೆಂಡಿಂಗ್ ಬಿಲ್ ಬೇರೆಯೇ ಪ್ರಾಣಿ. ರಿಟೆನ್ಷನ್‌ಗೆ ಪರ್ಸೆಂಟ್ ಇದೆ, ಅವಧಿ ಇದೆ, ಕಾರಣ ಇದೆ. ಪೆಂಡಿಂಗ್ ಬಿಲ್‌ಗೆ ಇವು ಯಾವುವೂ ಇಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಕೇಂದ್ರದ ಕಾಮಗಾರಿಗಳಿಗೆ ಒಂದು ಸೂಚನೆ ಕೊಟ್ಟಿತು: ಬಿಲ್ ಸಲ್ಲಿಸಿದ 10 ಕೆಲಸದ ದಿನದೊಳಗೆ ಕನಿಷ್ಠ 75% ಪಾವತಿಸಿ, ಉಳಿದದ್ದನ್ನ ಪರಿಶೀಲಿಸಿ 28 ಕೆಲಸದ ದಿನದೊಳಗೆ ಕೊಡಿ. ದಿನ ಎಣಿಸಿ ಹೇಳೋದು ಸಾಧ್ಯ ಅಂತ ಆಯ್ತಲ್ವಾ.

ನಮ್ಮ ರಾಜ್ಯದಲ್ಲಿ ಅದೇ 2021ರಲ್ಲಿ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು, 40% ಕಮಿಷನ್ ಆರೋಪ ಮಾಡಿತು. 2023ರಲ್ಲಿ ಸರ್ಕಾರ ಬದಲಾಯ್ತು, ನಿವೃತ್ತ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ನೇತೃತ್ವದಲ್ಲಿ ತನಿಖೆ ಶುರುವಾಯ್ತು. ತನಿಖೆ ಆಗಲಿ ಅಂತ ಬೆಂಗಳೂರಿನಲ್ಲಿ ಹಳೆ ಬಿಲ್‌ಗಳು ನಿಂತವು, ಗುತ್ತಿಗೆದಾರರು ಬೀದಿಗೆ ಬಂದ್ರು. ತನಿಖೆ ಬೇಕೇ ಬೇಕು. ಆದ್ರೆ ಎಲ್ಲರ ಬಿಲ್ಲನ್ನೂ ಒಟ್ಟಿಗೆ ನಿಲ್ಲಿಸಿದ್ರೆ ದೊಡ್ಡವನು ಬ್ಯಾಂಕಿಗೆ ಹೋಗ್ತಾನೆ, ಸಣ್ಣವನು ಬಳೆ ಅಡ ಇಡ್ತಾನೆ. ಹೆದರಿದ ಸಣ್ಣವನೇ ಬಿಲ್ ಬಿಡಿಸ್ಕೊಳ್ಳೋಕೆ ಯಾರಿಗಾದ್ರೂ ಕೈಬಿಸಿ ಮಾಡೋಕೂ ಒಪ್ತಾನೆ. ಭ್ರಷ್ಟಾಚಾರ ತಡೆಯೋಕೆ ಹಿಡಿದ ದುಡ್ಡೇ ಭ್ರಷ್ಟಾಚಾರಕ್ಕೆ ದಾರಿ ಆಗುತ್ತೆ.

ನನ್ನ ಪ್ರಕಾರ ತಡೆಹಿಡಿದ ಪ್ರತಿ ರೂಪಾಯಿಗೂ ಮೂರು ವಿಷಯ ಬರೆದುಕೊಡಬೇಕು: ಯಾಕೆ ಹಿಡಿದಿದ್ದು, ಯಾವಾಗ ಬಿಡೋದು, ತಕರಾರಿದ್ರೆ ತೀರ್ಮಾನಿಸೋ ಮೂರನೆಯವರು ಯಾರು. ಈ ಮೂರೂ ಇಲ್ಲದಿದ್ರೆ ಅದು ಗ್ಯಾರಂಟಿ ಅಲ್ಲ, ಬಡ್ಡಿ ಇಲ್ಲದೆ ಸರ್ಕಾರ ತಗೊಂಡ ಕೈಸಾಲ.

ಗುಡವಿಯಿಂದ ವಾಪಸ್ ಬರುವಾಗ ಚಿಕ್ಕಪ್ಪ ತಾವು ಕಟ್ಟಿದ ಮೋರಿ ಹತ್ತಿರ ಗಾಡಿ ನಿಲ್ಲಿಸಿದ್ರು. ಇಳಿದು ಕೈಯಿಂದ ತಟ್ಟಿ ನೋಡಿದ್ರು. ಎರಡು ಮಳೆಗಾಲ ಕಂಡರೂ ಒಂದು ಬಿರುಕಿಲ್ಲ. "ಇದು ಪಾಸಾಗಿದೆ, ನಾನೇ ಇನ್ನೂ ಆಗಿಲ್ಲ" ಅಂತ ನಕ್ಕರು.

ನಿಮ್ಮ ಮನೆಯಲ್ಲೂ ಹೀಗೆ ಬಿಲ್ ಕಾಯ್ತಿರೋರು ಇದ್ರೆ ಅವರ ಒಪ್ಪಂದದ ಪ್ರತಿ ಒಮ್ಮೆ ಜೊತೆ ಕೂತು ಓದಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.