ಪ್ರೌಢರ ಕಾವ್ಯಶಿಕ್ಷಣ: ಮೂರು ಪ್ರಾಚೀನ ಗ್ರಂಥಗಳ ಸಾಕ್ಷ್ಯ

ಕವಿತ್ವವು ಹುಟ್ಟಿನಿಂದ ಬರತಕ್ಕದ್ದೇ ಹೊರತು ಕಲಿಸಿ ಬರತಕ್ಕದ್ದಲ್ಲವೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಈ ಮಾತು ಪೂರ್ಣವಾಗಿ ನಿಜವಾಗಿದ್ದರೆ ಪ್ರಾಚೀನರು ಕವಿಶಿಕ್ಷೆಯ ಗ್ರಂಥಗಳನ್ನು ರಚಿಸಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಆ ಗ್ರಂಥಗಳು ಉದ್ದೇಶಿಸಿದ ಶಿಷ್ಯನು ಅಕ್ಷರಾಭ್ಯಾಸದ ಬಾಲಕನಲ್ಲ. ಭಾಷೆಯನ್ನು ಆಗಲೇ ಬಲ್ಲ ಪ್ರೌಢನು.

ಕ್ರಿ. ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡನಾಡಿನ ಜನರು ಉದ್ದೇಶಪೂರ್ವಕವಾಗಿ ಓದದೆಯೇ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೊಗಳುತ್ತದೆ. ಹಾಗಾದರೆ ಶಾಸ್ತ್ರವೇಕೆ? ಉತ್ತರವು ಗ್ರಂಥದಲ್ಲಿಯೇ ಇದೆ. ಕಣ್ಣು ತನ್ನ ಕಾಡಿಗೆಯನ್ನು ಕಾಣಲಾರದಂತೆ ಕವಿಯು ತನ್ನ ದೋಷವನ್ನು ಕಾಣಲಾರನು. ಆದಕಾರಣ ಕೃತಿಯನ್ನು ಮೊದಲು ಇತರರ ಪರಿಶೀಲನೆಗೆ ಒಪ್ಪಿಸಬೇಕು. ಪ್ರಥಮ ಪರಿಚ್ಛೇದದ ಬೋಧನಕ್ರಮವೂ ಇದಕ್ಕೆ ಅನುಗುಣವಾಗಿದೆ: ದೋಷವಿರುವ ಪ್ರಯೋಗವನ್ನು ತೋರಿಸಿ, ಅದನ್ನು ತಿದ್ದಿದ ರೂಪವನ್ನು ಅದರ ಬಳಿಯಲ್ಲಿಯೇ ಇರಿಸಲಾಗಿದೆ.

10ನೆಯ ಶತಮಾನದ ಕೊನೆಯ ಭಾಗದವನಾದ ಒಂದನೆಯ ನಾಗವರ್ಮನು ಛಂದೋಂಬುಧಿಯಲ್ಲಿ ತನ್ನ ಪತ್ನಿಯನ್ನು ಸಂಬೋಧಿಸಿ ಛಂದಸ್ಸನ್ನು ಬೋಧಿಸುತ್ತಾನೆ. ಈ ಸಂಬೋಧನೆ ಕವಿಸಂಪ್ರದಾಯ ಮಾತ್ರವೆಂದು ಹೇಳಬಹುದು. ಆದರೂ ಶಾಸ್ತ್ರವನ್ನು ಗುರುದಂಡದ ಭಯವಿಲ್ಲದ ಗೃಹಸಲ್ಲಾಪದ ರೂಪಕ್ಕೆ ತಂದುದು ಅಲ್ಪವಾದ ಸಂಗತಿಯಲ್ಲ. ವೃತ್ತದ ಲಕ್ಷಣವನ್ನು ಆಯಾ ವೃತ್ತದಲ್ಲಿಯೇ ಹೇಳಿರುವುದರಿಂದ, ನಿಯಮವನ್ನು ಕೇಳುವಾಗಲೇ ಅದರ ನಡೆಯು ಕಿವಿಗೆ ಬೀಳುತ್ತದೆ. ಸಂಸ್ಕೃತ ವೃತ್ತಗಳೊಂದಿಗೆ ತ್ರಿಪದಿ, ಅಕ್ಕರ, ಷಟ್ಪದಿ ಮೊದಲಾದ ದೇಶೀಯ ಬಂಧಗಳಿಗೂ ಇಲ್ಲಿ ಸ್ಥಾನವುಂಟು. 1875ರಲ್ಲಿ ಕಿಟ್ಟೆಲ್ಲರು ಈ ಗ್ರಂಥವನ್ನು ಮಂಗಳೂರಿನಲ್ಲಿ ಪ್ರಕಟಿಸಿದರು.

11ನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಕವಿಕಂಠಾಭರಣವನ್ನು ರಚಿಸಿದನು. ಅವನು ಶಿಷ್ಯರನ್ನು ಅಲ್ಪಪ್ರಯತ್ನಸಾಧ್ಯ, ಕೃಚ್ಛ್ರಸಾಧ್ಯ, ಅಸಾಧ್ಯ ಎಂದು ಮೂರು ಬಗೆಯಾಗಿ ವಿಂಗಡಿಸಿದನು. ಕಷ್ಟದಿಂದ ಕಲಿಯುವವನು ಕಾಳಿದಾಸನ ಕೃತಿಗಳನ್ನೆಲ್ಲ ಓದಬೇಕು. ಅರ್ಥವಿಲ್ಲದ ಪದಗಳಿಂದಲಾದರೂ ವೃತ್ತವನ್ನು ತುಂಬಿ ಕಿವಿಯನ್ನು ಪಳಗಿಸಬೇಕು. ಹಳೆಯ ಪದ್ಯದ ಪದಗಳನ್ನು ಬದಲಿಸಿ ನೋಡಬೇಕು. ಸ್ವಭಾವದಿಂದ ಕಲ್ಲಿನಂತಿರುವವನನ್ನೂ, ಶುಷ್ಕವಾದ ತರ್ಕವ್ಯಾಕರಣಗಳಿಂದ ರಸವು ಬತ್ತಿದವನನ್ನೂ ಅವನು ಅಸಾಧ್ಯರ ಸಾಲಿಗೆ ಸೇರಿಸುತ್ತಾನೆ. ಇಲ್ಲಿ ಅಧ್ಯಾಪಕರಿಗೂ ಒಂದು ಎಚ್ಚರಿಕೆಯಿದೆ: ವಿದ್ಯೆಯೇ ಕೆಲವೊಮ್ಮೆ ಕವಿತ್ವಕ್ಕೆ ಅಡ್ಡಿಯಾಗಬಲ್ಲದು.

ಈ ಮೂರನ್ನೂ ಒಟ್ಟಿಗೆ ನೋಡಿದರೆ ಪ್ರಾಚೀನರ ನಿಲುವು ಸ್ಪಷ್ಟವಾಗುತ್ತದೆ. ಪ್ರತಿಭೆಯನ್ನು ಕೊಡುತ್ತೇವೆಂದು ಅವರು ಹೇಳಲಿಲ್ಲ. ಕಿವಿಯನ್ನು ಪಳಗಿಸುವುದು, ಅನುಕರಣದಿಂದ ಕೈಯನ್ನು ತಿದ್ದುವುದು, ದೋಷವನ್ನು ಪರರ ಕಣ್ಣಿನಿಂದ ಕಾಣುವುದು ಇವು ಮೂರೂ ಕಲಿಸಬಹುದಾದವುಗಳೆಂದು ತಿಳಿದಿದ್ದರು. ವಯಸ್ಸು ಮೀರಿತೆಂದು ಯಾರನ್ನೂ ಈ ಶಿಕ್ಷೆಯಿಂದ ಹೊರಗಿಡಲು ಈ ಗ್ರಂಥಗಳಲ್ಲಿ ಆಧಾರವಿಲ್ಲ.