ನಿಲ್ಲುವುದನ್ನು ಕಲಿಸಿದ ಸ್ಪ್ರಿಂಗು

ಹೋದ ತಿಂಗಳು ಬೆಂಗಳೂರಿನ ಗೆಳೆಯನೊಬ್ಬ ಎರಡು ಪುಟ್ಟ ಸ್ಪ್ರಿಂಗುಗಳ ಫೋಟೊ ಕಳಿಸಿದ. ಒಂದರ ಪೊಟ್ಟಣದ ಮೇಲೆ 6000 ಎಂದಿತ್ತು, ಇನ್ನೊಂದರ ಮೇಲೆ 8000. ಅವನ ಹತ್ತಿರ ರಿಮೋಟಿನಲ್ಲಿ ಓಡಿಸುವ ಪೆಟ್ರೋಲ್ ಕಾರೊಂದಿದೆ. ನಿಜವಾದ ಕಾರಿನ ಐದನೇ ಒಂದರಷ್ಟು ಉದ್ದ, 23 ಸಿಸಿ ಎಂಜಿನ್. "ಯಂತ್ರಗಳ ಇತಿಹಾಸ ಅಂತ ಪಿಎಚ್.ಡಿ. ಮಾಡ್ತಿದೀಯಲ್ಲ ಮಾರಾಯ, ಕ್ಲಚ್ಚಿಗೆ ಇವೆರಡರಲ್ಲಿ ಯಾವುದು ಹಾಕಲಿ ಹೇಳು" ಎಂದು ಕೆಣಕಿದ. ಅವನು ಕೇಳಿದ್ದು ತಮಾಷೆಗೆ. ನನಗೆ ಮಾತ್ರ ಫೋಟೊ ನೋಡಿದ ಕೂಡಲೇ ನಮ್ಮ ಅಡಿಕೆ ತೋಟ ನೆನಪಾಯಿತು. ಅಲ್ಲಿಗೆ ಹೋಗುವ ಮೊದಲು ಈ ಸ್ಪ್ರಿಂಗಿನ ಕತೆ ಹೇಳಬೇಕು.

ಪುಟ್ಟ ಎಂಜಿನ್ ಹೊತ್ತ ಹಳೆಯ ರೇಸು ಕಾರುಗಳಿಗೆ ನಿಲ್ಲಲು ಬರುತ್ತಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇವುಗಳ ಹುಚ್ಚು ಹತ್ತಿತು. ಅಂಗಳದ ನಡುವೆ ಒಂದು ಕಂಬ, ಕಂಬಕ್ಕೆ ತಂತಿ, ತಂತಿಯ ತುದಿಗೆ ಕಾರು. ಗಾಣದ ಎತ್ತಿನಂತೆ ಸುತ್ತುವುದೊಂದೇ ಅದರ ಕೆಲಸ. ಲಾಸ್ ಏಂಜಲೀಸಿನ ಡೂಲಿಂಗ್ ಸೋದರರ ಕಾರುಗಳು ಎರಡನೇ ಮಹಾಯುದ್ಧದ ನಂತರ ಗಂಟೆಗೆ 160 ಕಿ.ಮೀ. ದಾಟಿದವು. ಇಂಥ ಕಾರುಗಳಲ್ಲಿ ಬಹುಪಾಲಿಗೆ ಕ್ಲಚ್ಚೇ ಇರಲಿಲ್ಲ. ಎಂಜಿನ್ ತಿರುಗಿದರೆ ಚಕ್ರ ತಿರುಗಬೇಕು, ಚಕ್ರ ನಿಂತರೆ ಎಂಜಿನ್ ಸಾಯಬೇಕು. ಹಾಗಾಗಿ ಒಬ್ಬ ಉದ್ದನೆಯ ಕೋಲಿನಿಂದ ಹಿಂದಿನಿಂದ ದೂಡುತ್ತ ಕಾರನ್ನು ಚಾಲೂ ಮಾಡುತ್ತಿದ್ದ. ನಿಲ್ಲಿಸಬೇಕಾದರೆ ಎಂಜಿನ್ನನ್ನೇ ಆರಿಸಬೇಕಿತ್ತು.

1960ರ ದಶಕದಲ್ಲಿ ತಂತಿಯ ಜಾಗಕ್ಕೆ ರೇಡಿಯೊ ಬಂತು. 1967ರಲ್ಲಿ ಅಮೆರಿಕದಲ್ಲಿ ರೋರ್ ಎಂಬ ರೇಸುಗಾರರ ಸಂಸ್ಥೆಯೂ ಹುಟ್ಟಿತು. ಈಗ ಕಾರು ತಿರುವಿನಲ್ಲಿ ನಿಧಾನಿಸಬೇಕು, ಗೆರೆಯ ಮೇಲೆ ಕಾಯಬೇಕು, ಅಷ್ಟು ಹೊತ್ತೂ ಎಂಜಿನ್ ಬದುಕಿರಬೇಕು. ಕೋಲು ಹಿಡಿದು ಹಿಂದೆ ಓಡುವಂತಿಲ್ಲ. ಇದಕ್ಕೆ ಉತ್ತರವಾಗಿ ಬಂದದ್ದು ತಾನಾಗಿಯೇ ಹಿಡಿದು ಬಿಡುವ ಕ್ಲಚ್ಚು.

ಅದರ ಹಿಂದಿನ ಉಪಾಯ ಹಳೆಯದು. ತಿರುಗುವ ವಸ್ತು ಹೊರಕ್ಕೆ ಸಿಡಿಯಲು ನೋಡುತ್ತದೆ ಎಂಬುದನ್ನೇ ನೆಚ್ಚಿಕೊಂಡು ಜೇಮ್ಸ್ ವಾಟ್ 1788ರಲ್ಲಿ ಉಗಿ ಯಂತ್ರದ ವೇಗಕ್ಕೆ ಎರಡು ಗುಂಡುಗಳ ಕಾವಲು ಹಾಕಿದ್ದ. 1958ರಲ್ಲಿ ಹೊಂಡಾ ತಂದ ಸೂಪರ್ ಕಬ್ ಬೈಕಿಗೆ ಕ್ಲಚ್ ಹಿಡಿಯೇ ಇರಲಿಲ್ಲ, ಅದೇ ಉಪಾಯದಿಂದ. ನಮ್ಮ ಹಳ್ಳಿ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುವ ಟಿವಿಎಸ್ ಮೊಪೆಡ್ಡಿನ ಹೊಟ್ಟೆಯಲ್ಲಿರುವುದೂ ಅದೇ.

ಕಾರಿನ ಕ್ಲಚ್ಚಿನಲ್ಲಿ ಎಂಜಿನ್ನಿನ ಜೊತೆ ತಿರುಗುವ ಎರಡು ಶೂಗಳಿರುತ್ತವೆ, ಅವುಗಳ ಸುತ್ತ ಚಕ್ರಗಳಿಗೆ ಸೇರಿದ ಡ್ರಮ್ ಇರುತ್ತದೆ. ವೇಗ ಏರಿದಂತೆ ಶೂಗಳು ಹೊರಕ್ಕೆ ಅಗಲಿ ಡ್ರಮ್ಮನ್ನು ಕಚ್ಚುತ್ತವೆ. ಅಲ್ಲಿಯವರೆಗೆ ಅವನ್ನು ಒಳಕ್ಕೆ ಎಳೆದು ಹಿಡಿಯುವುದು ಸ್ಪ್ರಿಂಗು. ಪೊಟ್ಟಣದ ಮೇಲಿನ ಅಂಕಿ ಅದು ಕೈಬಿಡುವ ಹೊತ್ತು, ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕದಲ್ಲಿ. ವೇಗ ಎರಡು ಪಟ್ಟಾದರೆ ಶೂಗಳ ಎಳೆತ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಅದೇ ಶೂಗಳಿಗೆ 8000ದ ಸ್ಪ್ರಿಂಗು 6000ದ್ದಕ್ಕಿಂತ ಸುಮಾರು 1.8 ಪಟ್ಟು ಗಟ್ಟಿಯಾಗಿ ಹಿಡಿಯಬೇಕು.

ರೇಸಿನವರಿಗೆ ಬಿಗಿಯಾದ ಸ್ಪ್ರಿಂಗಿನ ಮೇಲೆ ಮೋಹ. ಟೂ ಸ್ಟ್ರೋಕ್ ಎಂಜಿನ್ನಿಗೆ ಕಡಿಮೆ ಸುತ್ತಿನಲ್ಲಿ ದಮ್ಮಿಲ್ಲ. ಅದು ಚೆನ್ನಾಗಿ ಏರಿದ ಮೇಲೆ ಕ್ಲಚ್ಚು ಕಚ್ಚಿದರೆ ಕಾರು ಬಾಣದಂತೆ ಚಿಮ್ಮುತ್ತದೆ. ಆದರೆ ಸಡಿಲ ಮಣ್ಣಿನಲ್ಲಿ ಆ ಚಿಮ್ಮುವಿಕೆ ಬರೀ ಧೂಳಾಗುತ್ತದೆ. ನಿಧಾನವಾಗಿ ಓಡಿಸಿದರೆ ಶೂಗಳು ಪೂರ್ತಿ ಕಚ್ಚದೆ ಜಾರುತ್ತ ಕಾದು, ಡ್ರಮ್ ನೀಲಿಗಟ್ಟುತ್ತದೆ. ಮೆದು ಸ್ಪ್ರಿಂಗಾದರೆ ಕಾರು ಮೆತ್ತಗೆ ಹೊರಡುತ್ತದೆ, ಮಣ್ಣಿನಲ್ಲಿ ಹಿಡಿತಕ್ಕೆ ಸಿಗುತ್ತದೆ, ತುಸು ಮಂಕು. ಶೂ ಸವೆದು ಹಗುರಾದರೆ ಅದೇ ಸ್ಪ್ರಿಂಗು ತಡವಾಗಿ ಬಿಡುತ್ತದೆ. ಸ್ಪ್ರಿಂಗೇ ಸೋತರೆ ಬೇಗ ಬಿಡುತ್ತದೆ.

ತೋಟ ನೆನಪಾದದ್ದು ಈ ಕೊನೆಯ ಮಾತಿಗಾಗಿ. ಇಂಥ ದೊಡ್ಡ ಕಾರುಗಳಲ್ಲಿ ಹೆಸರಾದ ಜಪಾನಿನ ಜೆನೋವಾ ಎಂಜಿನ್ನುಗಳು ಹುಲ್ಲು ಹೊಡೆಯುವ ಮಷಿನ್ನಿನ ವಂಶದವು. ಎರಡು ಶೂ, ಒಂದು ಸ್ಪ್ರಿಂಗಿನ ಈ ಕ್ಲಚ್ಚೂ ಅಲ್ಲಿಯದೇ. ಕೆಲವು ವರ್ಷದ ಹಿಂದೆ ರಜೆಗೆ ಊರಿಗೆ ಹೋದಾಗ ನಮ್ಮ ಮನೆಯ ಮಷಿನ್ ಮತ್ತೆ ಮತ್ತೆ ಆಫ್ ಆಗುತ್ತಿತ್ತು. ಓದಿದವನೆಂಬ ಜಂಬದಲ್ಲಿ ನಾನು ಐಡ್ಲಿಂಗ್ ಸ್ಕ್ರೂ ಏರಿಸಿಕೊಟ್ಟೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಬ್ಲೇಡು ಮೆಲ್ಲಗೆ ತಿರುಗುತ್ತಿದ್ದದ್ದು ಕಣ್ಣಿಗೆ ಬಿದ್ದಿತ್ತು. "ಇಷ್ಟು ತಿರುಗಿದ್ರೆ ಏನಾಗಲ್ಲ" ಅಂದೆ. ಮಾರನೇ ದಿನ ಹುಲ್ಲು ಹೊಡೆಯುತ್ತಿದ್ದವರು ಬ್ಲೇಡು ನಿಂತಿದೆ ಎಂದುಕೊಂಡು ಅಪ್ಪಯ್ಯನ ಕಡೆ ತಿರುಗಿ ಮಾತಾಡಿದರು. ಗಮ್‌ಬೂಟು ಸೀಳಿ ಕಾಲಿಗೆ ನಾಲ್ಕು ಹೊಲಿಗೆ ಬಿತ್ತು. ಪೇಟೆಯ ಮೆಕ್ಯಾನಿಕ್ ಕ್ಲಚ್ ಬಿಚ್ಚಿ, ಹಿಗ್ಗಿ ಹೋದ ಸ್ಪ್ರಿಂಗನ್ನು ನನ್ನ ಅಂಗೈಗೆ ಹಾಕಿ, "ಇದು ಸೋತಿತ್ತು, ನೀವು ಮೇಲಿಂದ ದೂಡಿದ್ರಿ" ಎಂದರು. ಗಾಯ ಮಾಗಿ ಅವರು ಮತ್ತೆ ತೋಟಕ್ಕೆ ಬಂದರು. ಆದರೆ ಆ ಮಷಿನ್ ಮುಟ್ಟಲಿಲ್ಲ, ಕತ್ತಿಯನ್ನೇ ಕೇಳಿದರು.

ನಾವು ಓದುವ ಯಂತ್ರಗಳ ಇತಿಹಾಸದಲ್ಲಿ ವೇಗದ ದಾಖಲೆಗಳಿಗೆ ದೊಡ್ಡ ಜಾಗ. ಈ ಸ್ಪ್ರಿಂಗು ಹುಟ್ಟಿದ್ದು ಬೇರೆ ಕಾರಣಕ್ಕೆ. ಎಂಜಿನ್ ಓಡುತ್ತಿರುವಾಗಲೂ ಯಂತ್ರ ಸುಮ್ಮನೆ ನಿಂತಿರಲಿ ಎಂದು ಅದನ್ನು ಇಟ್ಟರು. ಅದನ್ನು ಆರಿಸುವವನೂ ಅಲ್ಲಿಂದಲೇ ಶುರು ಮಾಡಬೇಕು.

ಗೆಳೆಯನಿಗೆ ಹೀಗೆ ಬರೆದೆ: "ನೀನು ಓಡಿಸುವುದು ಕೆಮ್ಮಣ್ಣಿನಲ್ಲಿ, 6000 ಸಾಕು. ಅದಕ್ಕಿಂತ ಮೊದಲು ಕಾರನ್ನು ಸ್ಟ್ಯಾಂಡಿನ ಮೇಲಿಡು, ಚಕ್ರ ನೆಲಕ್ಕೆ ತಾಗಬಾರದು. ಎಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು ದೂರ ನಿಂತು ನೋಡು."

ಅರ್ಧ ಗಂಟೆಯ ಮೇಲೆ ಉತ್ತರ ಬಂತು: "ಚಕ್ರ ತಿರುಗ್ತಾ ಇದೆ ಕಣೋ."