ಜೆ.ಪಿ. ನಗರದ ದಾರಿ, ಸೇತುವೆಗಳು ನಕ್ಷೆಗೆ ಬಂದ ಬಗೆ

ಬೆಂಗಳೂರಿನ ಜೆ.ಪಿ. ನಗರ ಬಡಾವಣೆಯಾಗುವ ಮುಂಚೆ ಅಲ್ಲಿದ್ದದ್ದು ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಮಾರೇನಹಳ್ಳಿಯಂಥ ಊರುಗಳು, ಅವುಗಳ ಹೊಲಗಳು, ಕೆರೆಗಳು. ಈ ಊರುಗಳ ದಾರಿಗಳನ್ನು ಕಾಗದದ ಮೇಲೆ ತಂದದ್ದು ಕಂದಾಯ ಸರ್ವೆ. ಮೈಸೂರು ಸಂಸ್ಥಾನದಲ್ಲಿ ಅದು 1863ರಲ್ಲಿ ಬೊಂಬಾಯಿ ಪದ್ಧತಿಯಂತೆ ಶುರುವಾಯಿತು. ಆ ಪದ್ಧತಿಯ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದ ನೆಲವೇ ಒಂದು ಗುಂಟೆ. ಹೀಗೆ ಅಳೆದು ಬರೆದ ಗ್ರಾಮ ನಕ್ಷೆಯಲ್ಲಿ ಬಂಡಿದಾರಿಗೆ ಒಂದು ಗುರುತು, ಕಾಲುದಾರಿಗೆ ಇನ್ನೊಂದು, ಹಳ್ಳಕ್ಕೆ ಮತ್ತೊಂದು. ಆ ಗುರುತಿಗೆ ಕಾನೂನಿನ ಬಲವೂ ಇದೆ. ಸಾರ್ವಜನಿಕರು ಬಳಸುವ ದಾರಿ, ಹಳ್ಳಗಳ ನೆಲ ‘ಬಿ ಖರಾಬು’ ಎಂದು ದಾಖಲಾಗುತ್ತದೆ. ಅದು ಯಾವ ಹಿಡುವಳಿದಾರರ ಸ್ವತ್ತೂ ಆಗುವುದಿಲ್ಲ. ಕೆರೆ, ರಾಜಕಾಲುವೆಗಳ ಒತ್ತುವರಿಯ ತಕರಾರು ಎದ್ದಾಗ ಇಂದಿಗೂ ಮೊದಲು ಬಿಚ್ಚುವುದು ಇದೇ ಗ್ರಾಮ ನಕ್ಷೆಯನ್ನು.

ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗಳ ಉದ್ದೇಶ ಬೇರೆಯಿತ್ತು. ಸೈನ್ಯ, ಆಡಳಿತಗಳ ಓಡಾಟಕ್ಕೆಂದು ಬೆಳೆದ ಆ ಹಾಳೆಗಳ ಅಂಚಿನಲ್ಲಿ ಚಿಹ್ನೆಗಳ ಪಟ್ಟಿಯೇ ಇರುತ್ತದೆ. ಜಲ್ಲಿ ಹಾಕಿದ ರಸ್ತೆ, ಜಲ್ಲಿ ಇಲ್ಲದ ರಸ್ತೆ, ಬಂಡಿ ಜಾಡು, ಹೇರೆತ್ತು ಸಾಗುವ ಜಾಡು, ಕಾಲುದಾರಿ ಎಲ್ಲಕ್ಕೂ ಬೇರೆ ಬೇರೆ ಗೆರೆ. ಸೇತುವೆಗಳಲ್ಲೂ ಕಂಬವಿರುವುದು, ಕಂಬವಿಲ್ಲದ್ದು ಎಂಬ ಭೇದವಿತ್ತು. ಯಾವುದಕ್ಕೆ ಯಾವ ಗೆರೆ ಎಂದು ತೀರ್ಮಾನಿಸುತ್ತಿದ್ದದ್ದು ಒಂದೇ ಕಚೇರಿ. ಸರ್ವೆಯವನಿಗಾಗಲಿ ಊರಿನವರಿಗಾಗಲಿ ಅದನ್ನು ಬದಲಿಸುವ ಅಧಿಕಾರ ಇರಲಿಲ್ಲ.

ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆ ಹಂತ ಹಂತವಾಗಿ ಬೆಳೆದಾಗ ಮೇನ್, ಕ್ರಾಸ್‌ಗಳ ನೇರ ಗೆರೆಗಳು ಹೊಲಗಳ ಮೇಲೆ ಹರಡಿದವು. ಹಳೆಯ ಊರುಗಳ ಗಲ್ಲಿಗಳು ಮಾತ್ರ ನಡುನಡುವೆ ಹಾಗೆಯೇ ಉಳಿದವು. ಮುಂದೆ ಜನರೇ ಕೂಡಿ ನಕ್ಷೆ ಬರೆಯುವ ಕಾಲ ಬಂದಾಗ ತೊಡಕು ತಂದದ್ದು ಈ ಗಲ್ಲಿಗಳೇ.

ಆ ಕಾಲ ಆರಂಭವಾದದ್ದು 2004ರಲ್ಲಿ. ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆಗ ಓಪನ್‌ಸ್ಟ್ರೀಟ್‌ಮ್ಯಾಪ್ ಶುರುಮಾಡಿದರು. ಇದರಲ್ಲಿ ಬಿಂದು, ಗೆರೆಗಳನ್ನು ಯಾರು ಬೇಕಾದರೂ ಸೇರಿಸಬಹುದು. ಗೆರೆ ಏನೆಂಬುದನ್ನು ಹೇಳುವುದು ಅದಕ್ಕೆ ಅಂಟಿಸಿದ ಟ್ಯಾಗ್. ‘ಹೈವೇ=ರೆಸಿಡೆನ್ಷಿಯಲ್’ ಎಂದರೆ ಮನೆಗಳಿರುವ ರಸ್ತೆ, ‘ಹೈವೇ=ಫುಟ್‌ವೇ’ ಎಂದರೆ ನಡೆಯುವವರ ದಾರಿ. ಹೊಸ ಟ್ಯಾಗ್ ಬೇಕೆಂದವರು ಪ್ರಸ್ತಾವ ಬರೆಯುತ್ತಾರೆ. ಕನಿಷ್ಠ ಎರಡು ವಾರ ಚರ್ಚೆ, ಆಮೇಲೆ ಕನಿಷ್ಠ ಎರಡು ವಾರ ಮತದಾನ. ಗೆದ್ದ ಪ್ರಸ್ತಾವವೂ ಕಡ್ಡಾಯವಲ್ಲ. ಜನ ಬಳಸಿದರೆ ಉಳಿಯುತ್ತದೆ, ಇಲ್ಲವಾದರೆ ಮೂಲೆ ಸೇರುತ್ತದೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬೇಗ ಬೇರು ಸಿಕ್ಕಿತು. 2018ರ ನವೆಂಬರ್‌ನಲ್ಲಿ ಏಷ್ಯಾದ ನಕ್ಷೆಗಾರರ ಸಮಾವೇಶ ನಡೆದದ್ದು ಜೆ.ಪಿ. ನಗರಕ್ಕೆ ಹತ್ತಿರದ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ.

ಟ್ಯಾಗ್‌ಗಳ ಪೈಕಿ ಬಹಳ ವಾದಕ್ಕೆ ಗುರಿಯಾದದ್ದು 2008ರಲ್ಲಿ ಒಪ್ಪಿಗೆ ಪಡೆದ ‘ಹೈವೇ=ಪಾತ್’. ಯುರೋಪಿನ ಕಾಡುದಾರಿಯಲ್ಲಿ ನಡೆಯುವವರು, ಸೈಕಲ್, ಕುದುರೆ ಎಲ್ಲವೂ ಸಾಗುವುದರಿಂದ ಯಾರ ಹೆಸರನ್ನೂ ಹಿಡಿಯದ ಒಂದು ಟ್ಯಾಗ್ ಬೇಕಾಗಿತ್ತು. ಮೋಟಾರು ವಾಹನ ಬಾರದು ಎಂಬುದು ಅದರ ಹಿಂದಿನ ಊಹೆ. ಜರಗನಹಳ್ಳಿಯ ಗಲ್ಲಿಯಲ್ಲಿ ಆ ಊಹೆ ನಿಲ್ಲುವುದಿಲ್ಲ. ಅಲ್ಲಿ ಕಾರು ತೂರದು. ಸ್ಕೂಟರ್ ಮಾತ್ರ ದಿನವಿಡೀ ಓಡಾಡುತ್ತದೆ. ‘ಫುಟ್‌ವೇ’ ಎಂದು ಬರೆದರೆ ದಾರಿ ತೋರಿಸುವ ಆ್ಯಪ್ ಸ್ಕೂಟರನ್ನು ಸುತ್ತು ಹಾಕಿಸುತ್ತದೆ. ‘ರೆಸಿಡೆನ್ಷಿಯಲ್’ ಎಂದಷ್ಟೇ ಬರೆದರೆ ಕಾರನ್ನು ಒಳಗೆ ಕಳಿಸಿ ಸಿಕ್ಕಿಸುತ್ತದೆ. ಆದ್ದರಿಂದ ಕೆಲವರು ‘ಪಾತ್’ ಬರೆದು ‘ಮೋಟಾರ್‌ಸೈಕಲ್=ಯೆಸ್’ ಸೇರಿಸುತ್ತಾರೆ; ಕೆಲವರು ರಸ್ತೆ ಎಂದೇ ಬರೆದು ‘ಮೋಟಾರ್‌ಕಾರ್=ನೋ’ ಎನ್ನುತ್ತಾರೆ. ಎರಡನೆಯದೇ ಮೇಲು. ಮನೆ ಬಾಗಿಲುಗಳು ತೆರೆದುಕೊಳ್ಳುವ ಬೀದಿಯನ್ನು ಕಾಡುದಾರಿಯ ಸಾಲಿಗೆ ಸೇರಿಸಬಾರದು. ಪುಟ್ಟೇನಹಳ್ಳಿ ಕೆರೆಯ ಸುತ್ತಿನ ವಾಕಿಂಗ್ ದಾರಿಗೆ ಈ ಗೊಂದಲವಿಲ್ಲ, ಅದು ಸರಳವಾಗಿ ‘ಫುಟ್‌ವೇ’.

ಸೇತುವೆಯ ವಿಷಯದಲ್ಲಿ ಒಪ್ಪಂದ ಇನ್ನಷ್ಟು ಕರಾರುವಾಕ್ಕು. ಸೇತುವೆ ಪ್ರತ್ಯೇಕ ರಸ್ತೆಯಾಗಿ ಬರುವುದಿಲ್ಲ. ಅದು ರಸ್ತೆಯ ಒಂದು ತುಂಡಿನ ಗುಣ. ಆ ತುಂಡನ್ನು ಕತ್ತರಿಸಿ ‘ಬ್ರಿಡ್ಜ್=ಯೆಸ್’, ‘ಲೇಯರ್=1’ ಎಂದು ಬರೆಯಬೇಕು. ಕೆಳಗಿನ ರಸ್ತೆಗೂ ಮೇಲಿನದಕ್ಕೂ ಒಂದೇ ಬಿಂದು ಹಂಚಿಕೆಯಾದರೆ ಕಂಪ್ಯೂಟರ್ ಅದನ್ನು ಕೂಡುರಸ್ತೆ ಎಂದು ತಿಳಿದು ಫ್ಲೈಓವರ್ ಮೇಲಿನಿಂದ ಕೆಳಗೆ ತಿರುಗಲು ಹೇಳುತ್ತದೆ. ರಾಜಕಾಲುವೆ ದಾಟುವ ಕಡೆಯೂ ಎಚ್ಚರ ಬೇಕು. ನೀರು ಪೈಪಿನೊಳಗೆ ಹೋಗುವ ಮೋರಿಯಾದರೆ ಕಾಲುವೆಗೆ ‘ಟನಲ್=ಕಲ್ವರ್ಟ್’; ರಸ್ತೆಯನ್ನೇ ಎತ್ತಿ ಹಿಡಿದ ಕಟ್ಟಡವಾದರೆ ರಸ್ತೆಗೆ ‘ಬ್ರಿಡ್ಜ್’. ಒಂದೇ ಜಾಗಕ್ಕೆ ಎರಡನ್ನೂ ಹಾಕುವಂತಿಲ್ಲ. ಎಂಜಿನಿಯರುಗಳ ಲೆಕ್ಕ ಬೇರೆ: ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ 6 ಮೀಟರ್ ಉದ್ದದವರೆಗೆ ಮೋರಿ, 60 ಮೀಟರ್‌ವರೆಗೆ ಕಿರುಸೇತುವೆ.

ಲೇಯರ್ ನಿಯಮದ ನಿಜವಾದ ಪರೀಕ್ಷೆ ನಡೆದದ್ದು ಜೆ.ಪಿ. ನಗರದ ಉತ್ತರದ ಅಂಚಿನಲ್ಲಿ. ಅಲ್ಲಿನ ಜಯದೇವ ಜಂಕ್ಷನ್ನಿನ ಹಳೆಯ ಫ್ಲೈಓವರನ್ನು 2020ರಲ್ಲಿ ಕೆಡವಲಾಯಿತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ, ಮೂರು ಕಿಲೋಮೀಟರಿಗೂ ಉದ್ದದ ಡಬಲ್ ಡೆಕ್ಕರ್ ಸೇತುವೆಯ ಒಂದು ಬದಿ 2024ರ ಜುಲೈನಲ್ಲಿ ವಾಹನಗಳಿಗೆ ತೆರೆಯಿತು. ಅದರ ಮೇಲಿನ ಹಂತದಲ್ಲಿ 2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೋ ಉದ್ಘಾಟನೆಯಾಯಿತು. ನೆಲದ ರಸ್ತೆ, ಅದರ ಮೇಲೆ ವಾಹನದ ಸೇತುವೆ, ಅದರ ಮೇಲೆ ರೈಲು: ಮೂರೂ ಒಂದೇ ಜಾಡಿನಲ್ಲಿ ಸಾಗುವುದರಿಂದ ಮೇಲಿನಿಂದ ನೋಡಿದರೆ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. 1, 2 ಎಂಬ ಲೇಯರ್ ಅಂಕಿಗಳು ಎತ್ತರವನ್ನು ಹೇಳುವುದಿಲ್ಲ, ಯಾವುದು ಯಾವುದರ ಮೇಲೆ ಎಂಬ ಸರದಿಯನ್ನಷ್ಟೇ ಹೇಳುತ್ತವೆ. ಜಯದೇವದಲ್ಲಿ ಅಂಡರ್‌ಪಾಸ್ ಕೆಳಗೆ, ಮೆಟ್ರೋದ ಗುಲಾಬಿ ಮಾರ್ಗ ಎಲ್ಲಕ್ಕೂ ಮೇಲೆ. ಹಾಗಾಗಿ ಸರದಿ -1ರಿಂದ 3ರವರೆಗೆ ಹೋಗುತ್ತದೆ.

ಇನ್ನೂ ಇತ್ಯರ್ಥವಾಗದ್ದು ರಸ್ತೆ ಬದಿಯ ಫುಟ್‌ಪಾತ್. ರಸ್ತೆಯ ಗೆರೆಗೇ ‘ಸೈಡ್‌ವಾಕ್=ಬೋತ್’ ಎಂದು ಬರೆದರೆ ಎರಡೂ ಬದಿ ಇದೆ ಎಂದಾಗುತ್ತದೆ; ಬೇರೆಯಾಗಿ ಗೆರೆ ಎಳೆದು ‘ಫುಟ್‌ವೇ=ಸೈಡ್‌ವಾಕ್’ ಎಂದೂ ಬರೆಯಬಹುದು. ಮೊದಲನೆಯದು ಸುಲಭ. ಆದರೆ ಇಲ್ಲಿನ ಫುಟ್‌ಪಾತ್ ಎಷ್ಟೋ ಕಡೆ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಒಂದು ಚಪ್ಪಡಿ ಕುಸಿದರೆ, ಟ್ರಾನ್ಸ್‌ಫಾರ್ಮರ್ ಅಡ್ಡ ನಿಂತರೆ ದಾರಿ ಅಲ್ಲಿಗೇ ಮುಗಿಯಿತು. ಗಾಲಿಕುರ್ಚಿಯವರಿಗೆ, ವಯಸ್ಸಾದವರಿಗೆ ಬೇಕಾದದ್ದು ಆ ಮುಗಿಯುವ ಜಾಗದ ಮಾಹಿತಿಯೇ. ಅದನ್ನು ಹೇಳಬಲ್ಲದ್ದು ಬೇರೆ ಗೆರೆ ಮಾತ್ರ. ಉಪಗ್ರಹ ಚಿತ್ರದಲ್ಲಿ ಮರದ ನೆರಳಿಗೆ ಮರೆಯಾಗುವ ಈ ಗೆರೆಯನ್ನು ಆ ಬೀದಿಯಲ್ಲಿ ದಿನವೂ ನಡೆಯುವವರೇ ಎಳೆಯಬೇಕು.